ಇಬ್ಬರೂ ಸೋತ ಪಂದ್ಯ

ನಮ್ಮ ಕಾಲೇಜಿನ ಪ್ರಿನ್ಸಿಪಾಲರ ಕೋಣೆಯ ಎದುರು ಒಂದು ಗಾಜಿನ ಕಪಾಟಿದೆ. ಅದರಲ್ಲಿ ಹೆಣ್ಣುಮಕ್ಕಳ ಟೆನಿಸ್ಸಿಗೆ ಸಿಕ್ಕ ಒಂಬತ್ತು ಕಪ್ಪುಗಳಿವೆ. ಒಂಬತ್ತೂ ನಾನು ಕೋಚ್ ಆಗಿದ್ದಾಗ ಬಂದವು. ಯಲಹಂಕದ ಆಚೆಗಿರುವ ಆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಬಿಸಿಲಲ್ಲಿ ನಿಂತು, ಗಂಟಲು ಹರಿದುಕೊಂಡು, ಮೊಣಕಾಲು ಸವೆಸಿಕೊಂಡು ನಿವೃತ್ತಳಾಗಿದ್ದೇನೆ. ಈಗ ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಫೋನ್ ಮಾಡಿ, "ಮೇಡಂ, ನಿಮ್ಮ ಸೀಕ್ರೆಟ್ ಏನು, ಸ್ವಲ್ಪ ಹೇಳಿ" ಅನ್ನುತ್ತಾರೆ. ಮೈಯೆಲ್ಲ ಉರಿಯುತ್ತದೆ. ಸೀಕ್ರೆಟ್ಟಂತೆ!

ಇರಲಿ, ಹೇಳಿಬಿಡುತ್ತೇನೆ. ಆ ಒಂಬತ್ತು ಕಪ್ಪುಗಳಲ್ಲಿ ಕೊನೆಯ ಮೂರು ಬಂದಿದ್ದು ರೇಣುಕಾ ಎಂಬ ಹುಡುಗಿ ಪ್ರತಿ ಸಲವೂ ಸೋತಿದ್ದರಿಂದ. ಅವಳಿಗೆ ಬೇಕಾಗಿದ್ದು ಒಂದೇ ಒಂದು ಸಿಂಗಲ್ಸ್ ಗೆಲುವು. ಅದು ಅವಳಿಗೆ ಸಿಗದ ಹಾಗೆ ನೋಡಿಕೊಂಡವಳು ನಾನು. ಕೊನೆಗೊಮ್ಮೆ ಸಿಕ್ಕಾಗಲೂ ಅವಳ ಕೈಯಿಂದ ಕಿತ್ತುಕೊಳ್ಳುವುದರಲ್ಲಿದ್ದವಳೂ ನಾನೇ. ಅದನ್ನು ಬರೆಯಬೇಕೆಂದೇ ಕೂತಿದ್ದೇನೆ.

ಅದಕ್ಕೆ ಮೊದಲು, ಈ ಕೆಲಸವೆಂದರೆ ಟೆನಿಸ್ ಎಂದು ತಿಳಿದುಕೊಂಡು ಬಂದವರಿಗೆ ಎರಡು ಮಾತು. ಕಾಲೇಜಿನಲ್ಲಿ ನಿಮ್ಮನ್ನು ಕೋಚ್ ಅಂತ ಯಾರೂ ಕರೆಯುವುದಿಲ್ಲ. ನೀವು ಪಿ.ಟಿ. ಮೇಡಂ, ಇಲ್ಲವೇ ಪಿ.ಟಿ. ಮೇಷ್ಟ್ರು. ಬೆಳಿಗ್ಗೆ ಗೇಟಿನಲ್ಲಿ ನಿಂತು ತಡವಾಗಿ ಬಂದವರ ಹೆಸರು ಬರೆದುಕೊಳ್ಳಬೇಕು. ಕುತ್ತಿಗೆಗೆ ಐಡಿ ಕಾರ್ಡ್ ಹಾಕದವರನ್ನು ಹಿಡಿಯಬೇಕು. ಪರೀಕ್ಷೆ ಬಂದರೆ ಕಾಪಿ ಹೊಡೆಯುವವರ ಹಿಂದೆ ಓಡಬೇಕು. ಆಗಸ್ಟ್ ಹದಿನೈದಕ್ಕೆ ಧ್ವಜದ ಹಗ್ಗ ಸಿಕ್ಕಿಹಾಕಿಕೊಂಡರೂ ಬೈಸಿಕೊಳ್ಳುವುದು ನಾವೇ. ಇಷ್ಟೆಲ್ಲ ಮುಗಿದ ಮೇಲೆ ಸಂಜೆ ಒಂದೂವರೆ ಗಂಟೆ ಸಿಕ್ಕರೆ ಟೆನಿಸ್.

ನಾನು ಸೇರಿದಾಗ ಅಲ್ಲಿದ್ದಿದ್ದು ಮಣ್ಣಿನ ಕೋರ್ಟು. ಅದನ್ನು ನೋಡಿಕೊಳ್ಳುತ್ತಿದ್ದವನು ಪುಟ್ಟೇನಹಳ್ಳಿಯ ಮುನಿಯಪ್ಪ. ಬೆಳಗಿನ ಜಾವ ಬಂದು ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದಲ್ಲಿ ಗೆರೆ ಹಾಕಿಟ್ಟರೆ ನೋಡಲು ಎರಡು ಕಣ್ಣು ಸಾಲದು. ಒಂದು ಸಲ ದಸರಾ ರಜೆ ಮುಗಿಸಿ ಬಂದು ನೋಡುತ್ತೇನೆ, ಕೋರ್ಟಿನ ನಡುಮಧ್ಯೆ ಶಾಮಿಯಾನ! ಎಥ್ನಿಕ್ ಡೇ ಅಂತೆ. ಹುಡುಗರು ಪಂಚೆ ಉಟ್ಟುಕೊಂಡು, ಹುಡುಗಿಯರು ಸೀರೆ ಉಟ್ಟುಕೊಂಡು ನನ್ನ ಬೇಸ್‌ಲೈನಿನ ಮೇಲೆ ಕುಣಿಯುತ್ತಿದ್ದರು. ಮುನಿಯಪ್ಪ ಮೂಲೆಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದ.

"ನೋಡಿ ಮೇಡಮ್ನೋರೆ, ಇಂಗ್ ಮಾಡವ್ರೆ. ಇಪ್ಪತ್ನಾಲ್ಕ್ ಗೂಟ ಒಡ್ದವ್ರೆ ಕಣಮ್ಮೋ, ನಾನೇ ಎಣ್ಸಿದೀನಿ. ನನ್ ಒಟ್ಟೆಗೇ ಒಡ್ದಂಗಾಯ್ತು."

ನಾನು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದೆ. ಅವರು ಕಾಫಿ ಕುಡಿಯುತ್ತಾ, "ಒಂದ್ ದಿನದ ಫಂಕ್ಷನ್ನಿಗೆ ಯಾಕ್ ಮೇಡಂ ಇಷ್ಟ್ ರಂಪ? ಗುಂಡಿ ಮುಚ್ಚಿದ್ರೆ ಆಯ್ತು" ಅಂದರು. ಗುಂಡಿ ಮುಚ್ಚಿದರೆ ಆಯ್ತಂತೆ! ಮುಚ್ಚಿದ ಗುಂಡಿಯ ಮೇಲೆ ಬಿದ್ದ ಚೆಂಡು ಏಳುವುದೇ ಇಲ್ಲ ಎಂದು ಆ ಮನುಷ್ಯನಿಗೆ ಹೇಗೆ ತಿಳಿಸುವುದು? ಆ ವರ್ಷವಿಡೀ ನಮ್ಮ ಹುಡುಗಿಯರು ಗುಂಡಿಯಿಲ್ಲದ ಜಾಗ ನೋಡಿಕೊಂಡು ಆಡಿದರು.

ಆಮೇಲೆ ಯಾವುದೋ ಸಮಿತಿ ಕಾಲೇಜನ್ನು ಪರಿಶೀಲಿಸಲು ಬರುತ್ತದೆ ಎಂದು ಮಣ್ಣು ಕಿತ್ತುಹಾಕಿ ಹಸಿರು-ನೀಲಿ ಬಣ್ಣದ ಸಿಂಥೆಟಿಕ್ ಕೋರ್ಟ್ ಮಾಡಿಸಿದರು. ಮುನಿಯಪ್ಪನನ್ನು ಕ್ಯಾಂಟೀನಿನ ಹಿಂದೆ ಗಿಡಕ್ಕೆ ನೀರು ಹಾಕಲು ಕಳಿಸಿದರು. ಮಣ್ಣಿನಲ್ಲಾದರೆ ಚೆಂಡು ಬಿದ್ದ ಗುರುತು ಉಳಿಯುತ್ತಿತ್ತು. ಗೆರೆಯ ಒಳಗೋ ಹೊರಗೋ ಎಂದು ಜಗಳ ಬಂದರೆ ಹೋಗಿ ನೋಡಬಹುದಿತ್ತು. ಹೊಸದರಲ್ಲಿ ಏನೂ ಉಳಿಯುವುದಿಲ್ಲ. ಕಾಲೇಜು ಪಂದ್ಯಗಳಿಗೆ ಅಂಪೈರ್ ಕೊಡುವಷ್ಟು ದೊಡ್ಡ ಮನಸ್ಸು ಯಾರಿಗೂ ಇಲ್ಲ. ಆಡುವ ಹುಡುಗಿಯರೇ ಇನ್, ಔಟ್ ಎಂದು ಕೂಗಬೇಕು, ತಾವೇ ಸ್ಕೋರ್ ನೆನಪಿಟ್ಟುಕೊಳ್ಳಬೇಕು, ತಾವೇ ಬಂದು ಕೋಚಿಗೆ ಹೇಳಬೇಕು.

ಇನ್ನು ಆ ಸೀಕ್ರೆಟ್ಟಿಗೆ ಬರೋಣ. ನಮ್ಮ ಅಂತರ ಕಾಲೇಜು ಟೂರ್ನಿಯಲ್ಲಿ ಒಂದೇ ಹೊತ್ತಿಗೆ ಬೇರೆ ಬೇರೆ ಕೋರ್ಟುಗಳಲ್ಲಿ ಎರಡು ಸಿಂಗಲ್ಸ್, ಆಮೇಲೆ ಒಂದು ಡಬಲ್ಸ್. ಮೂರರಲ್ಲಿ ಎರಡು ಗೆದ್ದವರು ಗೆದ್ದಂತೆ. ಶುರುವಾಗುವ ಮುಂಚೆ ಇಬ್ಬರು ಕೋಚ್‌ಗಳೂ ಒಂದೊಂದು ಚೀಟಿ ಕೊಡಬೇಕು. ಮೊದಲ ಸಿಂಗಲ್ಸ್ ಯಾರು, ಎರಡನೆಯದು ಯಾರು ಎಂದು ಅದರಲ್ಲಿ ಬರೆದಿರಬೇಕು. ಒಳ್ಳೆಯ ಆಟಗಾರ್ತಿಯ ಹೆಸರನ್ನು ಮೊದಲು ಬರೆಯುವುದು ಎಲ್ಲರ ವಾಡಿಕೆ.

ನನ್ನ ಮೊದಲನೇ ಟೂರ್ನಿಯಲ್ಲಿ ಗಡಿಬಿಡಿಯಲ್ಲಿ ಒಂದು ಎಡವಟ್ಟು ಮಾಡಿದೆ. ಹುಡುಗಿಯರಿಗೆ ಹಾಜರಿ ಕೊಡಿ ಎಂದು ಪ್ರಿನ್ಸಿಪಾಲರಿಗೆ ಬರೆದ ಪತ್ರ ಕೈಯಲ್ಲಿತ್ತು. ಅದರಲ್ಲಿ ಹೆಸರುಗಳು ರೋಲ್ ನಂಬರಿನ ಪ್ರಕಾರ ಇದ್ದವು. ಹಾಗೇ ನೋಡಿಕೊಂಡು ಚೀಟಿಗೆ ಇಳಿಸಿಬಿಟ್ಟೆ. ನೋಡಿದರೆ ನಮ್ಮ ತಂಡದ ಅತಿ ಸಾಧಾರಣ ಹುಡುಗಿ ಮೊದಲ ಸಿಂಗಲ್ಸ್, ಅತಿ ಒಳ್ಳೆಯವಳು ಎರಡನೆಯದು! ಬೆವರು ಕಿತ್ತುಕೊಂಡು ಬಂತು. ಆದರೆ ನಡೆದಿದ್ದೇ ಬೇರೆ. ಎದುರು ಕಾಲೇಜಿನ ಹುಲಿಯಂಥ ಹುಡುಗಿ ನಮ್ಮ ಸಾಧಾರಣದವಳನ್ನು ಇಪ್ಪತ್ತೈದು ನಿಮಿಷದಲ್ಲಿ ಮುಗಿಸಿದಳು. ನಮ್ಮ ಒಳ್ಳೆಯವಳು ಅವರ ಸಾಧಾರಣದವಳನ್ನು ಮುಗಿಸಿ, ಸುಸ್ತಿಲ್ಲದೆ ಡಬಲ್ಸ್ ಆಡಿ ಅದನ್ನೂ ಗೆದ್ದಳು. "ಎಂಥಾ ತಲೆ ಮೇಡಂ ನಿಮ್ದು!" ಎಂದು ಎಲ್ಲರೂ ಕೈಕುಲುಕಿದರು. ಹಾಜರಿ ಪತ್ರ ನೋಡಿ ಬರೆದದ್ದೆಂದು ನಾನು ಹೇಳಲಿಲ್ಲ.

ಅಂದಿನಿಂದ ಅದೇ ನನ್ನ ಪದ್ಧತಿಯಾಯಿತು. ಒಬ್ಬಳನ್ನು ಮೊದಲ ಸಿಂಗಲ್ಸಿಗೆ ಸೋಲಲು ಬಿಡುವುದು, ಉಳಿದ ಎರಡನ್ನು ಗೆಲ್ಲುವುದು. ನಿಯಮದಲ್ಲಿ ಬೇಡ ಎಂದಿರಲಿಲ್ಲ. ಪ್ರತಿ ಕಾಲೇಜಿನಲ್ಲೂ ಅಕಾಡೆಮಿಯಲ್ಲಿ ಕಲಿತ ಒಬ್ಬಳು ಇರುತ್ತಿದ್ದಳು, ಉಳಿದವರು ಗುಂಪಿನಲ್ಲಿ ಗೋವಿಂದ. ಆ ಒಬ್ಬಳನ್ನು ತಪ್ಪಿಸಿಕೊಂಡರೆ ಸಾಕಾಗಿತ್ತು.

ರೇಣುಕಾ ಬಂದಿದ್ದು ನನ್ನ ಕೊನೆಯ ನಾಲ್ಕು ವರ್ಷಗಳಲ್ಲಿ. ಬಾಗಲಗುಂಟೆಯ ಹುಡುಗಿ. ಅವಳ ತಂದೆ ಸಂಗಪ್ಪ ಬಾಗಲಕೋಟೆ ಕಡೆಯಿಂದ ಬಂದು ಫ್ಯಾಕ್ಟರಿಯೊಂದರಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದರು. ಹುಡುಗಿ ಆಟ ಕಲಿತಿದ್ದು ಫ್ಯಾಕ್ಟರಿಯವರ ಕ್ವಾರ್ಟರ್ಸಿನ ಹಳೆಯ ಕೋರ್ಟಿನಲ್ಲಿ, ಯಾರೋ ಬಿಟ್ಟ ರ್‍ಯಾಕೆಟ್ಟಿನಲ್ಲಿ. ಹೊಡೆತದಲ್ಲಿ ಜೋರಿಲ್ಲ. ಆದರೆ ಚೆಂಡನ್ನು ಬಿಡುತ್ತಿರಲಿಲ್ಲ. ಎಲ್ಲಿಗೆ ಹೊಡೆದರೂ ಓಡಿ ಹೋಗಿ ವಾಪಸ್ ಹಾಕುತ್ತಿದ್ದಳು. ಅದೇ ವರ್ಷ ಸಂಜಯನಗರದ ಐಶ್ವರ್ಯಾ ಕೂಡ ಸೇರಿದಳು. ಅವಳು ಎಂಟು ವರ್ಷದಿಂದ ಅಕಾಡೆಮಿಯಲ್ಲಿ ಪಳಗಿದವಳು. ನಾನು ಲೆಕ್ಕ ಹಾಕಲು ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. ಐಶ್ವರ್ಯಾ ಎರಡನೇ ಸಿಂಗಲ್ಸ್ ಮತ್ತು ಡಬಲ್ಸ್. ರೇಣುಕಾ ಮೊದಲ ಸಿಂಗಲ್ಸ್.

ಮೊದಲ ವರ್ಷದ ಮೊದಲ ಪಂದ್ಯಕ್ಕೆ ಸಂಗಪ್ಪ ಶಿಫ್ಟ್ ಬದಲಾಯಿಸಿಕೊಂಡು ಬಂದರು. ಸ್ಟೀಲ್ ಡಬ್ಬಿಯಲ್ಲಿ ಇಡೀ ತಂಡಕ್ಕೆ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಬೋರ್ಡಿನ ಮೇಲೆ ಮಗಳ ಹೆಸರು ಮೊದಲು ಇದ್ದಿದ್ದನ್ನು ನೋಡಿ ಅವರ ಮುಖ ಅರಳಿತು.

"ಬಂದ ವರ್ಷಾನ ಒಂದನೇ ನಂಬರ್ ಕೊಟ್ಟೀರಿ ಮೇಡಮ್ಮಾರ. ನಮ್ಮ ಹುಡುಗಿ ಮ್ಯಾಲೆ ಭಾಳ ಭರೋಸಾ ಇಟ್ಟೀರಿ" ಎಂದು ಕೈಮುಗಿದರು.

ನಾನು ನಕ್ಕು ಸುಮ್ಮನಾದೆ. ಆವತ್ತೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ರೇಣುಕಾ ಸೋತಳು, ನಾವು ಗೆದ್ದೆವು. ಮುಂದಿನ ಪಂದ್ಯದಲ್ಲೂ ಹಾಗೇ. ಕಪ್ ಬಂತು. ಬಾಗಲಗುಂಟೆಯ ಅವರ ಬೀದಿಯಲ್ಲಿ ನಮ್ಮ ರೇಣುಕಾ ಕಾಲೇಜಿಗೇ ಒಂದನೇ ನಂಬರ್ ಎಂದು ಸಂಗಪ್ಪ ಎಲ್ಲರಿಗೂ ಹೇಳಿಕೊಂಡು ಬಂದರಂತೆ.

ಎರಡನೇ ವರ್ಷ ಅವರು ಮೆಲ್ಲಗೆ ಬಂದು ಕೇಳಿದರು. "ಒಂದ್ ಮಾತ್ ಕೇಳ್ಲೇನ್ರಿ? ಒಂದನೇ ನಂಬರಿನ್ಯಾಕಿ ಯಾಕ್ ಬರೇ ಸೋಲಾಕತ್ತಾಳ? ಮನ್ಯಾಗ ಊಟಾ ಕಮ್ಮಿ ಆಗೇತೇನ್ರಿ? ಹಾಲು, ತತ್ತಿ ಏನರ ಕೊಡಬೇಕಾ?"

"ಹಾಗೇನಿಲ್ಲ ಸಂಗಪ್ಪನವರೇ, ಎದುರಿಗಿರೋ ಹುಡುಗೀರು ಗಟ್ಟಿ. ಅನುಭವ ಆಗ್ಬೇಕು" ಅಂದೆ.

"ಹಂಗಾರ ಸರಿ ಬಿಡ್ರಿ" ಎಂದು ಹೋದರು. ಮಾರನೇ ದಿನದಿಂದ ರೇಣುಕಾಳ ಚೀಲದಲ್ಲಿ ಎರಡು ಬೇಯಿಸಿದ ಮೊಟ್ಟೆ ಇರುತ್ತಿದ್ದವು. ಅದನ್ನು ನೋಡಿದಾಗಲೆಲ್ಲ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನು ಹುಡುಗಿಯರ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಫೋನ್ ಹಿಡಿದುಕೊಂಡವರಿಗೆ ಬೈದೆ, ಯಾವುದೋ ವಿಡಿಯೋ ನೋಡಿ ಸರ್ವಿಸ್ ಬದಲಾಯಿಸಿಕೊಂಡು ಬಂದವಳಿಗೆ ಬೈದೆ, ಕೊನೆಗೆ ಮೊಟ್ಟೆ ತಿನ್ನುತ್ತಿದ್ದ ರೇಣುಕಾಳಿಗೂ "ಬೇಗ ಮುಗಿಸೇ" ಎಂದು ಬೈದೆ.

ಮೂರನೇ ವರ್ಷದ ಕಪ್ ಬಂದ ವಾರ ರೇಣುಕಾ ಸ್ಟಾಫ್ ರೂಮಿಗೆ ಬಂದಳು. ಕೈಯಲ್ಲಿ ವಿಶ್ವವಿದ್ಯಾಲಯದ ನೋಟಿಸು. ವಿಶ್ವವಿದ್ಯಾಲಯದ ತಂಡದ ಆಯ್ಕೆ ಶಿಬಿರಕ್ಕೆ ಬರಬೇಕಾದರೆ ಆ ವರ್ಷದ ಅಂತರ ಕಾಲೇಜು ಟೂರ್ನಿಯಲ್ಲಿ ಕನಿಷ್ಠ ಒಂದು ಸಿಂಗಲ್ಸ್ ಗೆದ್ದಿರಬೇಕು ಎಂದು ಅದರಲ್ಲಿತ್ತು. ಆ ತಂಡಕ್ಕೆ ಒಮ್ಮೆ ಆಡಿದರೆ ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಅರ್ಜಿ ಹಾಕಬಹುದು.

"ಮ್ಯಾಮ್, ಬೇಜಾರ್ ಮಾಡ್ಕೋಬೇಡಿ. ನನ್ನ ಯಾಕೆ ಫಸ್ಟ್ ಹಾಕ್ತೀರಾ ಅಂತ ನಂಗೆ ಗೊತ್ತು. ಟೀಮ್ ಗೆಲ್ಬೇಕಲ್ಲ, ಸರಿ. ಆದ್ರೆ ಮುಂದಿನ್ ವರ್ಷ ಒಂದೇ ಒಂದ್ ಮ್ಯಾಚ್ ಎರಡನೇ ಸಿಂಗಲ್ಸ್ ಹಾಕಿ ಮ್ಯಾಮ್. ಗೆಲ್ತೀನಿ. ಒಂದ್ ಗೆದ್ರೆ ಸಾಕು ನಂಗೆ."

"ಖಂಡಿತ ಹಾಕ್ತೀನಿ ಕಣೇ" ಅಂದೆ.

"ಅಪ್ಪಂಗೆ ಹೇಳ್ಬೇಡಿ ಮ್ಯಾಮ್, ಒಂದನೇ ನಂಬರ್ ಅಂದ್ರೆ ಇದು ಅಂತ" ಎಂದು ಹೋದಳು.

ನಾಲ್ಕನೇ ವರ್ಷ ಟೂರ್ನಿ ನಡೆದಿದ್ದು ಯಶವಂತಪುರದ ಕಡೆಯ ಒಂದು ಕಾಲೇಜಿನಲ್ಲಿ. ಮೊದಲ ಸುತ್ತಿನಲ್ಲಿ ಎದುರಿಗಿದ್ದವರು ಸಾಧಾರಣ. ರೇಣುಕಾಳನ್ನು ಎರಡನೆಯದಕ್ಕೆ ಹಾಕಲು ಅದಕ್ಕಿಂತ ಒಳ್ಳೆಯ ದಿನವಿರಲಿಲ್ಲ. ಚೀಟಿಯಲ್ಲಿ ಐಶ್ವರ್ಯಾಳ ಹೆಸರನ್ನು ಮೊದಲು ಬರೆದೂ ಬಿಟ್ಟೆ. ಅಷ್ಟರಲ್ಲಿ ಪ್ರಿನ್ಸಿಪಾಲರ ಫೋನು. "ಮೇಡಂ, ಈ ಸಲ ನಿಮ್ ರಿಟೈರ್ಮೆಂಟ್ ವರ್ಷ. ಛೇರ್ಮನ್ನರು ಫೈನಲ್ಲಿಗೆ ಬರ್ತಾರಂತೆ. ಏನೂ ಎಕ್ಸ್‌ಪೆರಿಮೆಂಟ್ ಬೇಡ, ತಿಳೀತಾ?" ಚೀಟಿ ಹರಿದು ಹೊಸದು ಬರೆದೆ. ಸೆಮಿಫೈನಲ್ಲಿನಲ್ಲಿ ಫೋನೂ ಬರಲಿಲ್ಲ, ಯಾರೂ ಏನೂ ಹೇಳಲಿಲ್ಲ. ಆದರೂ ನನ್ನ ಕೈ ತಾನಾಗಿ ಮೊದಲ ಸಾಲಿನಲ್ಲಿ ರೇಣುಕಾ ಎಂದೇ ಬರೆಯಿತು. ಹೆದರಿಕೆ, ಇನ್ನೇನು! ನಾಚಿಕೆಯಾಗಬೇಕು ನನಗೆ.

ಫೈನಲ್ ದಿನ ರೇಣುಕಾ ಕೇಳಲಿಲ್ಲ. ಬೋರ್ಡ್ ನೋಡಿದಳು, ಶೂ ಲೇಸ್ ಕಟ್ಟಿಕೊಂಡಳು. "ರೇಣು, ನೋಡೇ, ಫೈನಲ್ ಅಲ್ವಾ..." ಎಂದು ನಾನು ಶುರು ಮಾಡಿದೆ. "ಬಿಡಿ ಮ್ಯಾಮ್" ಅಂದಳು.

ಇಲ್ಲಿ ನನ್ನ ಇನ್ನೊಂದು ಅಭ್ಯಾಸ ಹೇಳಬೇಕು. ಪಂದ್ಯ ಮುಗಿದ ಮೇಲೆ ಪ್ರತಿ ಕೋಚ್ ಒಂದು ಫಲಿತಾಂಶದ ಹಾಳೆ ತುಂಬಿ ಸಹಿ ಹಾಕಿ ಟೇಬಲ್ಲಿಗೆ ಕೊಡಬೇಕು. ಶಿಬಿರಕ್ಕೆ ಯಾರನ್ನು ಕರೆಯಬೇಕು ಎಂದು ಆ ಹಾಳೆಗಳನ್ನು ನೋಡಿಯೇ ತೀರ್ಮಾನ ಮಾಡುತ್ತಾರೆ. ಹೆಬ್ಬಾಳದ ಫ್ಲೈಓವರ್ ಜಾಮ್ ಆಗುವ ಮೊದಲು ಹುಡುಗಿಯರನ್ನು ವಾಪಸ್ ಕರೆದೊಯ್ಯಬೇಕು ಎಂಬ ಆತುರದಲ್ಲಿ ನಾನು ಮೊದಲ ಸಾಲನ್ನು ಪಂದ್ಯ ಶುರುವಾಗುವ ಮುಂಚೆಯೇ ತುಂಬಿಡುತ್ತಿದ್ದೆ. ಮೊದಲ ಸಿಂಗಲ್ಸ್, ರೇಣುಕಾ, ಸೋಲು. ಸ್ಕೋರನ್ನು ಆಮೇಲೆ ಐಶ್ವರ್ಯಾ ಬರೆಯುತ್ತಿದ್ದಳು. ಮೂರು ವರ್ಷದಲ್ಲಿ ಒಂದು ಸಲವೂ ಅದು ತಪ್ಪಾಗಿರಲಿಲ್ಲ. ಫೈನಲ್ ದಿನವೂ ಬರೆದಿಟ್ಟೆ.

ಚೀಟಿ ಬಿಚ್ಚಿ ನೋಡಿದರೆ ನನ್ನ ಲೆಕ್ಕವೇ ತಲೆಕೆಳಗು! ಎದುರು ಕಾಲೇಜಿನ ಕೋಚ್ ಎರಡು ವರ್ಷ ನನ್ನ ಕೈಲಿ ಇದೇ ಪೆಟ್ಟು ತಿಂದಿದ್ದ ಮನುಷ್ಯ. ಈ ಸಲ ಅವನೂ ತನ್ನ ಸಾಧಾರಣ ಹುಡುಗಿಯನ್ನು ಮೊದಲ ಸಿಂಗಲ್ಸಿಗೆ ಹಾಕಿ, ಹುಲಿಯನ್ನು ಎರಡನೆಯದಕ್ಕೆ ಇಟ್ಟಿದ್ದ. ಅಂದರೆ ಐಶ್ವರ್ಯಾ ಅವನ ಹುಲಿಯ ಜೊತೆ ಆಡಬೇಕು. ಅವನು ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕ. ನಾನು ಕುರ್ಚಿ ಎತ್ತಿಕೊಂಡು ಐಶ್ವರ್ಯಾಳ ಕೋರ್ಟಿಗೆ ಓಡಿದೆ. ಅವನೂ ಅಲ್ಲೇ ಬಂದು ಕೂತ. ಛೇರ್ಮನ್ನರು, ಪ್ರಿನ್ಸಿಪಾಲರು, ಫೋಟೋದವನು, ಎಲ್ಲರೂ ಅಲ್ಲೇ.

ರೇಣುಕಾಳಿಗೆ ಕೊಟ್ಟಿದ್ದು ನೀರಿನ ಟ್ಯಾಂಕಿನ ಹಿಂದಿನ ನಾಲ್ಕನೇ ಕೋರ್ಟು. "ಹೋಗಮ್ಮ, ಆಡ್ಕೊಂಡ್ ಬಾ" ಎಂದಷ್ಟೇ ಹೇಳಿದ್ದೆ. ನಾಲ್ಕು ವರ್ಷದಲ್ಲಿ ಮೊದಲನೇ ಸಲ ಅವಳಿಗೆ ಸಮಸಮ ಎದುರಾಳಿ ಸಿಕ್ಕಿದ್ದಾಳೆ, ಅವಳು ಕೇಳಿದ್ದೇ ತಾನಾಗಿ ಒದಗಿ ಬಂದಿದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಐಶ್ವರ್ಯಾ ಸೋತಳು. ಒಂದೂವರೆ ಗಂಟೆ ಒದ್ದಾಡಿ ಸೋತಳು. ಅಷ್ಟು ಹೊತ್ತಿಗೆ ಯಾರೋ ಬಂದು "ಒಂದೊಂದಂತೆ, ಡಬಲ್ಸ್ ಆಡಿಸ್ಬೇಕಂತೆ" ಅಂದರು. ಒಂದೊಂದು ಅಂದರೆ ರೇಣುಕಾ ಗೆದ್ದಿದ್ದಾಳೆ ಎಂದೇ ಅರ್ಥ. ನನ್ನ ಕಿವಿ ಕೇಳಿಸಿಕೊಂಡಿತು, ಮನಸ್ಸು ಆಗಲೇ ಡಬಲ್ಸಿನಲ್ಲಿತ್ತು. ಕಾಲು ಹಿಡಿದುಕೊಂಡ ಐಶ್ವರ್ಯಾ ಅಳುತ್ತಲೇ ಆಡಿದಳು. ಡಬಲ್ಸ್ ಹೋಯಿತು, ಕಪ್ಪೂ ಹೋಯಿತು. ಛೇರ್ಮನ್ನರು ಬಹುಮಾನ ಕೊಡುವವರೆಗೂ ನಿಲ್ಲದೆ ಕಾರು ಹತ್ತಿದರು. ನಾನು ಹಲ್ಲು ಕಚ್ಚಿಕೊಂಡು ಹಾಳೆಯ ಉಳಿದೆರಡು ಸಾಲಿನಲ್ಲಿ ಸೋಲು, ಸೋಲು ಎಂದು ಗೀಚಿ, ಸಹಿ ಹಾಕಿ, ಮೇಲಿನ ಸಾಲನ್ನು ನೋಡದೆ ಟೇಬಲ್ಲಿನ ಮೇಲೆ ಎಸೆದು ಬಂದೆ.

ಟೆಂಪೋ ಟ್ರಾವೆಲರ್ ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಂಡಿತು. ಮುಂದೆ ಹೋಗುವುದಿಲ್ಲ, ಹಿಂದೆ ಬರುವುದಿಲ್ಲ. ಹಾರ್ನ್ ಮೇಲೆ ಹಾರ್ನ್. ನನಗೆ ತಡೆಯಲಾಗಲಿಲ್ಲ. ಹಿಂದಕ್ಕೆ ತಿರುಗಿ ಕಿರುಚಿದೆ. "ವರ್ಷಪೂರ್ತಿ ಗಂಟಲು ಹರ್ಕೊಂಡಿದ್ದಕ್ಕೆ ಇದೇನಾ ನೀವು ಮಾಡಿದ್ದು? ಒಬ್ಬಳಾದ್ರೂ, ಒಬ್ಬಳಾದ್ರೂ ನೆಟ್ಟಗೆ ಆಡಿದ್ಳಾ?"

ಆಮೇಲೆ ಕೊನೆಯ ಸೀಟಿನಿಂದ ಮೆಲ್ಲಗೆ ಕೇಳಿಸಿತು.

"ನಾನ್ ಗೆದ್ದೆ ಮ್ಯಾಮ್."

ಅವಳ ಪಕ್ಕದಲ್ಲಿ ಡಬ್ಬಿ ಹಿಡಿದುಕೊಂಡು ಸಂಗಪ್ಪ ಕೂತಿದ್ದರು. ಅವರು ನನ್ನನ್ನು ನೋಡಲಿಲ್ಲ, ಕಿಟಕಿಯ ಆಚೆ ನೋಡುತ್ತಿದ್ದರು. "ಹೌದಲ್ವೇನೇ... ಚೆನ್ನಾಗ್ ಆಡ್ದೆ" ಅಂದೆ. ಯಾರು ನಂಬುತ್ತಾರೆ? ನನಗೇ ಆ ಮಾತು ಕೇಳಿ ಅಸಹ್ಯವಾಯಿತು. ಒಂದೂವರೆ ಗಂಟೆ ಆಡಿ ಗೆದ್ದ ಮಗುವಿಗೆ ನಮ್ಮಲ್ಲಿ ಒಬ್ಬರೂ ಶಹಬ್ಬಾಸ್ ಅಂದಿರಲಿಲ್ಲ.

ಹತ್ತು ದಿನಕ್ಕೆ ಶಿಬಿರದ ಪಟ್ಟಿ ಬಂತು. ರೇಣುಕಾ ಅದನ್ನು ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. "ಮ್ಯಾಮ್, ನನ್ ಹೆಸ್ರಿಲ್ಲ."

ನನಗೆ ರೇಗಿಹೋಯಿತು. ಅವಳ ಎದುರಿಗೇ ಆ ಕಚೇರಿಗೆ ಫೋನ್ ಹಚ್ಚಿ ಗುಮಾಸ್ತನನ್ನು ತರಾಟೆಗೆ ತೆಗೆದುಕೊಂಡೆ. "ಕಣ್ಣು ಎಲ್ಲಿಟ್ಕೊಂಡು ಕೆಲಸ ಮಾಡ್ತೀರ್ರೀ? ಗೆದ್ದಿರೋ ಹುಡುಗಿ ಹೆಸರು ಬಿಟ್ಟಿದೀರಲ್ಲ!" ಅವನು ಪಾಪ ಎಲ್ಲ ಕೇಳಿಸಿಕೊಂಡು, "ಮೇಡಂ, ನೀವೇ ಬರ್ದು ಸೈನ್ ಮಾಡಿರೋದು. ಫೋಟೋ ಕಳಿಸ್ತೀನಿ, ನೋಡಿ" ಅಂದ. ಫೋಟೋ ಬಂತು. ಮೂರು ಸಾಲು. ಸೋಲು, ಸೋಲು, ಸೋಲು. ಕೆಳಗೆ ನನ್ನ ಸಹಿ.

ರೇಣುಕಾ ಬಗ್ಗಿ ನೋಡಿದಳು.

"ನನ್ ಸಾಲಿನ ಇಂಕ್ ಬೇರೆ ಇದೆ ಮ್ಯಾಮ್" ಅಂದಳು. "ಮೊದ್ಲೇ ಬರ್ದಿಟ್ಟಿದ್ರಾ?"

ಸುಳ್ಳು ಹೇಳಬಹುದಿತ್ತು. ಗುಮಾಸ್ತ ತಿದ್ದಿದ್ದಾನೆ ಅನ್ನಬಹುದಿತ್ತು, ಕೈತಪ್ಪಿತು ಅನ್ನಬಹುದಿತ್ತು. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಆದರೆ ಆ ಹುಡುಗಿಯ ಮುಖ ನೋಡಿಕೊಂಡು ನನ್ನ ಕೈಲಿ ಆಗಲಿಲ್ಲ. "ಹೌದು ಕಣೇ" ಅಂದೆ. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಈಗೇನ್ ಮಾಡೋದು ಮ್ಯಾಮ್?" ಎಂದು ಕೇಳಿದಳು, ಅಷ್ಟೇ.

ಹಾಳೆ ತಪ್ಪಾಗಿದೆ ಎಂದು ಶಿಬಿರದ ಸಂಚಾಲಕರಿಗೆ ಫೋನ್ ಮಾಡಿದೆ, ಅವರು ಎರಡೂ ಕಡೆಯವರನ್ನು ಕರೆಸಿದರು. ಮಾರನೇ ದಿನ ಬೆಳಿಗ್ಗೆ ಅವರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ನಾನು, ರೇಣುಕಾ, ಸಂಗಪ್ಪ. ಎದುರು ಕಾಲೇಜಿನ ಕೋಚು ಮತ್ತು ಅವನ ಮೊದಲ ಸಿಂಗಲ್ಸಿನ ಹುಡುಗಿ. ಅವಳ ಹೆಸರು ಶಿಲ್ಪಾ ಎಂದು ನನಗೆ ಗೊತ್ತಾಗಿದ್ದೇ ಅವತ್ತು. ಸಂಚಾಲಕರು ಎರಡು ಕಾಲೇಜಿನ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಕನ್ನಡಕ ಮೇಲೆ ಕೆಳಗೆ ಮಾಡಿದರು.

"ಏನ್ರೀ ಇದು? ಮೇಡಂ ಹಾಳೇಲಿ ಮೊದಲ ಸಿಂಗಲ್ಸ್ ಅವರ ಹುಡುಗಿ ಸೋತಿದಾಳೆ. ನಿಮ್ಮ ಹಾಳೇಲಿ ನಿಮ್ಮ ಹುಡುಗಿ ಸೋತಿದಾಳೆ. ಇಷ್ಟ್ ವರ್ಷದ ಸರ್ವಿಸಲ್ಲಿ ಇಬ್ಬರೂ ಸೋತಿರೋ ಮ್ಯಾಚು ಇದೇ ಮೊದಲು ನೋಡ್ತಿರೋದು ನಾನು!"

ಆಗ ನನಗೆ ಅರ್ಥವಾಯಿತು. ಆ ಮನುಷ್ಯನೂ ನನ್ನ ಹಾಗೆಯೇ, ಪಂದ್ಯ ಶುರುವಾಗುವ ಮೊದಲೇ ತನ್ನ ಹುಡುಗಿಯ ಹೆಸರಿನ ಮುಂದೆ ಸೋಲು ಎಂದು ಬರೆದಿಟ್ಟಿದ್ದ! ಎರಡು ಹಾಳೆಯಲ್ಲೂ ಆ ಸಾಲಿನ ಸ್ಕೋರಿನ ಜಾಗ ಖಾಲಿ ಇತ್ತು.

ಅವನು ಗಂಟಲು ಸರಿಮಾಡಿಕೊಂಡು, "ಅವರ ಕೈಬರಹದಲ್ಲೇ ಸೋಲು ಅಂತ ಇದೆಯಲ್ಲ ಸಾರ್. ನಂದು ಏನೋ ಗಡಿಬಿಡೀಲಿ ಆಗಿರ್ಬೇಕು" ಅಂದ. ಶಿಲ್ಪಾ ಗೆದ್ದಳೆಂದಾದರೆ ಶಿಬಿರಕ್ಕೆ ಅವಳು ಹೋಗುತ್ತಾಳೆ.

"ಸ್ಕೋರ್ ಎಷ್ಟು?" ಎಂದು ಸಂಚಾಲಕರು ಅವನನ್ನು ಕೇಳಿದರು. ಅವನು ಮೇಲೆ ಫ್ಯಾನ್ ನೋಡಿದ. "ಮೇಡಂ, ನೀವ್ ಹೇಳಿ. ಎಷ್ಟು?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ವಾ? ನಿಮ್ಮ ಹುಡುಗಿ, ನೀವು ಕೋಚು. ಮ್ಯಾಚ್ ನೋಡಿದೀರಾ ಇಲ್ವಾ?"

ರೇಣುಕಾ ನೆಲ ನೋಡುತ್ತಿದ್ದಳು. ಸಂಗಪ್ಪ ನನ್ನನ್ನೇ ನೋಡುತ್ತಿದ್ದರು.

"ನೋಡ್ಲಿಲ್ಲ ಸಾರ್. ಅವಳ ಒಂದ್ ಮ್ಯಾಚೂ ನಾನು ನೋಡಿಲ್ಲ. ನಾಲ್ಕು ವರ್ಷದಿಂದ ಅವಳನ್ನ ಸೋಲೋಕೆ ಅಂತಾನೇ ಮೊದಲು ಹಾಕ್ತಿದ್ದೆ. ಆ ಸಾಲು ಆಟಕ್ಕೆ ಮುಂಚೇನೇ ಬರ್ದಿದ್ದೆ."

ಸಂಗಪ್ಪನವರಿಗೆ ಅದು ತಿಳಿದಿದ್ದು ಹೀಗೆ, ಪರರ ಕೋಣೆಯಲ್ಲಿ, ಎಲ್ಲರ ಎದುರಿಗೆ. ಅವರು ಮಗಳ ಕಡೆ ತಿರುಗಿದರು. ಅವಳು ತಲೆ ಎತ್ತಲಿಲ್ಲ.

ಸಂಚಾಲಕರು ಇಬ್ಬರು ಹುಡುಗಿಯರಿಗೂ ಒಂದೊಂದು ಚೂರು ಕಾಗದ ಕೊಟ್ಟು, ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ಕೂತು ಸ್ಕೋರ್ ಬರೆಯಿರಿ ಅಂದರು. ಶಿಲ್ಪಾ ಮೊದಲು ಬರೆದುಕೊಟ್ಟಳು. ಅವಳ ಕೋಚು ಕಣ್ಣಲ್ಲೇ ಏನೋ ಸನ್ನೆ ಮಾಡುತ್ತಿದ್ದ. ಅವಳು ಅತ್ತ ನೋಡಲಿಲ್ಲ.

"ನಾನೇ ಸೋತಿದ್ದು ಸಾರ್. ಮೂರನೇ ಸೆಟ್ ಟೈಬ್ರೇಕರ್‌ವರ್ಗೂ ಹೋಯ್ತು. ಕೊನೇ ಪಾಯಿಂಟಿಗೆ ಅವ್ಳು ಹೊಡ್ದಿದ್ದು ಗೆರೆ ಮೇಲ್ ಬಿತ್ತು. ಔಟ್ ಅಂತ ಕೂಗಿದ್ರೆ ಯಾರೂ ಕೇಳ್ತಿರ್ಲಿಲ್ಲ, ಅಲ್ಲಿ ಯಾರೂ ಇರ್ಲಿಲ್ಲ. ಈ ಅಂಕಲ್ ಒಬ್ರೇ ಇದ್ದಿದ್ದು. ಇನ್ ಅಂತ ನಾನೇ ಕೂಗ್ದೆ" ಎಂದಳು. ಆಮೇಲೆ ತನ್ನ ಕೋಚಿನ ಕಡೆ ತಿರುಗಿ, "ನೀವೂ ಇರ್ಲಿಲ್ಲ ಸಾರ್" ಅಂದಳು.

ಎರಡು ಕಾಗದದಲ್ಲೂ ಒಂದೇ ಸ್ಕೋರ್ ಇತ್ತು. ಸಂಚಾಲಕರು ಹೊಸ ಹಾಳೆ ತೆಗೆದು ತಾವೇ ಬರೆದು, "ಪಂದ್ಯ ನೋಡಿದವರು ಯಾರಾದ್ರೂ ಒಬ್ಬರು ಸೈನ್ ಹಾಕಿ" ಎಂದು ನನ್ನ ಕಡೆ ಚಾಚಿದರು. ಅಭ್ಯಾಸ ನೋಡಿ, ನನ್ನ ಕೈ ಪೆನ್ನಿಗೆ ಹೋಯಿತು. ತಕ್ಷಣ ಎಳೆದುಕೊಂಡು ಪೆನ್ನನ್ನು ಸಂಗಪ್ಪನವರಿಗೆ ಕೊಟ್ಟೆ. ಅವರು ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಪೂರ್ತಿ ಓದಿ, ಮಗಳ ಹೆಸರಿನ ಮುಂದೆ ಏನಿದೆ ಎಂದು ಬೆರಳಿಟ್ಟು ನೋಡಿ, ಆಮೇಲೆ ಸಹಿ ಹಾಕಿದರು. ಪ್ರತಿ ಪಂದ್ಯಕ್ಕೂ ಶಿಫ್ಟ್ ಬದಲಾಯಿಸಿಕೊಂಡು ಬಂದು ಬೇಲಿಯ ಹತ್ತಿರ ನಿಂತ ಮನುಷ್ಯ ಅವರು. ನಾನು ಇಪ್ಪತ್ತಾರು ವರ್ಷದಲ್ಲಿ ಹಾಕಿದ ಸಹಿಗಳನ್ನು ನೆನೆಸಿಕೊಂಡು ತಲೆ ತಗ್ಗಿಸಿದೆ.

ಹೊರಗೆ ಕಾರಿಡಾರಿನಲ್ಲಿ ಮೂವರೂ ಆ ಪಂದ್ಯದ ಮಾತು ತೆಗೆದರು. ಶಿಲ್ಪಾ ಕೈಬೀಸಿ ಏನೋ ತೋರಿಸುತ್ತಿದ್ದಳು, ಸಂಗಪ್ಪ "ಆ ಹೊಡತ ನೀ ಬಿಟ್ಟೀ ಅಂತ ತಿಳಕೊಂಡಿದ್ದೆ ನೋಡವಾ" ಎನ್ನುತ್ತಿದ್ದರು, ರೇಣುಕಾ ಬಾಯ್ತುಂಬ ನಗುತ್ತಿದ್ದಳು. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಹತ್ತಿರ ಹೋಗಿ, "ನಂಗೂ ಹೇಳೇ ರೇಣು. ಮೊದಲನೇ ಗೇಮಿಂದ ಹೇಳು" ಅಂದೆ.

ಮೂವರೂ ಮಾತು ನಿಲ್ಲಿಸಿದರು. ರೇಣುಕಾ ಗಡಿಯಾರ ನೋಡಿಕೊಂಡಳು.

"ಅಪ್ಪಂಗೆ ಸೆಕೆಂಡ್ ಶಿಫ್ಟ್ ಇದೆ ಮ್ಯಾಮ್, ಬಸ್ ಹೋಗ್ಬಿಡುತ್ತೆ. ಇನ್ನೊಂದ್ ಸಲ ಹೇಳ್ತೀನಿ" ಎಂದು ಕಾಲಿಗೆ ನಮಸ್ಕಾರ ಮಾಡಿ ಹೊರಟಳು.

ಶಿಬಿರಕ್ಕೆ ಹೋದಳು, ವಿಶ್ವವಿದ್ಯಾಲಯದ ತಂಡಕ್ಕೂ ಆಯ್ಕೆಯಾದಳು. ಹಬ್ಬಕ್ಕೆ ಮೆಸೇಜ್ ಕಳಿಸುತ್ತಾಳೆ, ಎದುರಿಗೆ ಸಿಕ್ಕರೆ ನಿಂತು ಮಾತಾಡಿಸುತ್ತಾಳೆ, ನನ್ನ ಮೊಣಕಾಲು ನೋವು ಹೇಗಿದೆ ಎಂದು ಕೇಳುತ್ತಾಳೆ. ಆ ಪಂದ್ಯದ ಮಾತು ಮಾತ್ರ ಎತ್ತಿಲ್ಲ. ನಾನೂ ಕೇಳಿಲ್ಲ, ಕೇಳುವ ಮುಖ ನನಗಿಲ್ಲ.